ಪೈಪಿನೊಳಗಿನ ಚರಚರ

ಮಗ ವ್ಯಾಕ್ಯೂಮ್ ಕ್ಲೀನರ್ ಕಾರ್ಖಾನೆಯಲ್ಲಿ ಎಂಜಿನಿಯರು. ತಾನು ಅಂಬೆಗಾಲಿಡುತ್ತಿದ್ದಾಗ ಅಮ್ಮ ಮನೆತುಂಬ ಎಳೆದಾಡುತ್ತಿದ್ದ ದುಂಡು ಡಬ್ಬಿಯಂಥ ಯಂತ್ರಕ್ಕೆ ಅವನು ಮರುಜೀವ ಕೊಟ್ಟಿದ್ದ. ಅದೇ ಹಸಿರು ಬಣ್ಣ, ಅದೇ ಉಬ್ಬು ಮುಚ್ಚಳ. ವರ್ಷಗಟ್ಟಲೆ ಅದರದೇ ಧ್ಯಾನ. ಮೊದಲು ತಯಾರಾದವುಗಳಲ್ಲಿ ಒಂದನ್ನು ತಂದು ಮುಂದಿಟ್ಟಾಗ ಅಮ್ಮನ ಕಣ್ಣು ತುಂಬಿ ಬಂತು.

ಪೇಚಾಟ ಶುರುವಾದದ್ದು ಚಾಲೂ ಮಾಡಿದ ಮೇಲೆ. ಅಮ್ಮನಿಗೆ ಈಚೆಗೆ ದೃಷ್ಟಿ ಮಂದ. ಕಸ ಕಾಣದಿದ್ದರೂ, ಹಳೆಯ ಯಂತ್ರದ ತಗಡಿನ ಪೈಪಿನಲ್ಲಿ ಮರಳು ಚರಚರ ಓಡುವುದು ಕೇಳುತ್ತಿತ್ತು. ಸದ್ದು ನಿಂತರೆ ನೆಲ ಚೊಕ್ಕಟವಾಯಿತೆಂದೇ ಲೆಕ್ಕ. ಹೊಸದರ ಪೈಪು ಪ್ಲಾಸ್ಟಿಕ್ಕಿನದು, ಅದಕ್ಕೆ ಸದ್ದಡಗಿಸುವ ಸ್ಪಂಜು ಬೇರೆ. ಎಲ್ಲಿ ಕಸವಿದೆ, ಎಲ್ಲಿಲ್ಲ, ಒಂದೂ ತಿಳಿಯದು.

ಹೇಳೋಣವೆಂದರೆ ನಾಲಗೆ ಏಳಲಿಲ್ಲ. ಮಗ ಕೇಳಿದಾಗಲೆಲ್ಲ ಚೆನ್ನಾಗಿದೆ ಎಂದಳು. ಅವನು ಕೆಲಸಕ್ಕೆ ಹೊರಟ ಮೇಲೆ ಮಂಚದಡಿಯಿಂದ ಹಳೆಯದನ್ನು ಎಳೆದು ಕದ್ದು ಗುಡಿಸುವಳು. ಸೊಸೆಗೆ ಎಲ್ಲ ಗೊತ್ತಿತ್ತು, ಅವಳೂ ತುಟಿಪಿಟಕ್ಕೆನ್ನಲಿಲ್ಲ.

ಒಂದು ಮಧ್ಯಾಹ್ನ ಮಗ ಹೊತ್ತಿಗೆ ಮುಂಚೆಯೇ ಬಂದುಬಿಟ್ಟ. ಮೋಟರಿನ ಗದ್ದಲದಲ್ಲಿ ಬಾಗಿಲು ತೆರೆದದ್ದು ಅಮ್ಮನಿಗೆ ಕೇಳಿಸಲಿಲ್ಲ. ಪೈಪಿನ ಬಾಯಿ ಯಾರದೋ ಬೂಟಿಗೆ ಕಚ್ಚಿಕೊಂಡಾಗಲೇ ತಾನು ಸಿಕ್ಕಿಬಿದ್ದದ್ದು ಗೊತ್ತಾದದ್ದು. ಇನ್ನು ಮುಚ್ಚಿಡುವುದೇನು?

"ಬೇಜಾರು ಮಾಡ್ಕೋಬೇಡ ಕಣೋ," ಎಂದಳು. "ನಿಂದು ನೋಡೋಕೆ ಚೆಂದ. ಆದ್ರೆ ಬಾಯೇ ಇಲ್ಲ ಅದಕ್ಕೆ. ಕಸ ಸಿಕ್ತೋ ಇಲ್ವೋ ಹೇಳೋದೇ ಇಲ್ಲ."

ಮಗ ಪೈಪು ತೆಗೆದುಕೊಂಡು ಬಾಗಿಲ ಬಳಿಯ ಚಾಪೆಯ ಮೇಲೆ ಓಡಿಸಿದ. ಚರಚರ. ಇನ್ನೊಮ್ಮೆ ಓಡಿಸಿದ. ಆಮೇಲೆ ಅಲ್ಲೇ ನೆಲದಲ್ಲಿ ಕುಕ್ಕರಿಸಿ ನಗತೊಡಗಿದ. ಅಮ್ಮನಿಗೆ ಗಾಬರಿ.

ಸಂಗತಿ ಏನೆಂದರೆ, ಬಳಸಿ ನೋಡಲೆಂದು ಮನೆಮನೆಗೆ ಕೊಟ್ಟಿದ್ದ ಯಂತ್ರಗಳನ್ನು ಜನ ಹೊಗಳಿ ಹೊಗಳಿಯೇ ವಾಪಸು ಕಳಿಸುತ್ತಿದ್ದರು. ಯಾಕೆಂದು ಕೇಳಿದರೆ, ಏನೋ ಒಂದು ಕಮ್ಮಿ ಎನ್ನುವರು, ಅಷ್ಟೆ. ಆ ಏನೋ ಒಂದನ್ನು ಹುಡುಕಿ ಹುಡುಕಿ ಅವನಿಗೆ ಊಟ ರುಚಿಸುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಅವತ್ತು ತಲೆಸಿಡಿತ ತಾಳಲಾರದೆ ಅರ್ಧಕ್ಕೇ ಎದ್ದು ಬಂದಿದ್ದ.

"ಮೊದಲೇ ಹೇಳಬಾರದಿತ್ತೇನಮ್ಮ?"

"ನಿನ್ನ ಮುಖ ನೋಡ್ಕೊಂಡು ಹೇಗೆ ಹೇಳ್ಲಿ?"

"ಮುಖ ಕಾಣಿಸುತ್ತಾ ನಿಂಗೆ?"

"ನಿನ್ನ ಮುಖ ಕಾಣೋಕೆ ಕಣ್ಣು ಯಾಕೋ ಬೇಕು?"

ಪೈಪು ಬದಲಿಸೋಣವೆಂದಾಗ ಕಾರ್ಖಾನೆಯ ಮ್ಯಾನೇಜರು ಮೊದಮೊದಲು ಹುಬ್ಬು ಗಂಟಿಕ್ಕಿದರಂತೆ. ತಗಡಿನ ಪೈಪು ಜೋಡಿಸಿದ ಯಂತ್ರವನ್ನು ತಮ್ಮ ಕೋಣೆಯಲ್ಲಿ ತಾವೇ ಎಳೆದು ನೋಡಿದವರು ಬೇರೆಯವರ ಕೈಗೆ ಕೊಡಲೇ ಇಲ್ಲವಂತೆ. ಈ ಸುದ್ದಿ ತಂದ ಸಂಜೆ ಮಗ ಎರಡೆರಡು ಸಲ ಬಡಿಸಿಕೊಂಡು ಉಂಡು, ಕುರ್ಚಿಯಲ್ಲೇ ಗೊರಕೆ ಹೊಡೆಯತೊಡಗಿದ. ಸೊಸೆ ಎಬ್ಬಿಸಲು ಹೋದಳು. ಅಮ್ಮ ಬೇಡವೆಂದು ಕೈಸನ್ನೆ ಮಾಡಿ, ಹೊದಿಕೆ ತಂದು ಅವನ ಮೇಲೆ ಹಾಕಿ, ಹಗುರಾದ ಮನಸ್ಸಿನಿಂದ ತಾನೂ ಪಕ್ಕದಲ್ಲಿ ಕೂತಳು.