ಗಾಳಿಯಂತ್ರದ ಹಾಲು

ಡೋಲೀನಾ ಬಾತುಮೊಟ್ಟೆಗಳನ್ನು ಬಿಸಿಪೆಟ್ಟಿಗೆಯಲ್ಲಿಟ್ಟಾಗ ಕ್ಯಾಲೆಂಡರ್ ನೋಡಿರಲಿಲ್ಲ. ಮರಿಗಳು ಚಿಪ್ಪೊಡೆದು ಬರುವ ದಿನ ಸರಿಯಾಗಿ ಭಾನುವಾರದ ಮೇಲೇ ಬಂದು ಕೂತಿತು. ಲೂಯಿಸ್ ದ್ವೀಪದ ಆ ಊರಿನಲ್ಲಿ ಭಾನುವಾರ ಹುಟ್ಟುವುದು ಅಷ್ಟೇನೂ ಮರ್ಯಾದೆಯ ಕೆಲಸವಲ್ಲ. ಅದು ದೇವರ ದಿನ, ಯಾರೂ ಯಾವ ಕೆಲಸವನ್ನೂ ಮಾಡಕೂಡದು. ಆಲೂಗಡ್ಡೆಯ ಸಿಪ್ಪೆಯನ್ನು ಕೂಡ ಶನಿವಾರವೇ ತೆಗೆದಿಡಬೇಕು. ಚರ್ಚಿನ ಹಿರಿಯ ಮುರ್ಡೊ, ಹೇಂಟೆಗಳ ಸಹವಾಸಕ್ಕೆ ಹೋಗದಿರಲೆಂದು, ತನ್ನ ಹುಂಜವನ್ನು ಶನಿವಾರ ಸಂಜೆಯೇ ಬುಟ್ಟಿಯಡಿ ಕವುಚಿಡುತ್ತಿದ್ದ.

ಗುಡ್ಡದ ಮೇಲಿನ ಗಾಳಿಯಂತ್ರ ಊರಿನವರದೇ. ಗಾಳಿ ಜೋರಾದರೆ ಅದು ಕೊಡುವಷ್ಟು ವಿದ್ಯುತ್ತನ್ನು ಸಮುದ್ರದಡಿಯಿಂದ ಆಚೆ ದಡಕ್ಕೆ ಹೋಗುವ ತಂತಿ ಹೊರಲಾರದು. ಮಿಕ್ಕಿದ್ದನ್ನು ಹಾಳುಮಾಡುವುದೇಕೆಂದು ಸಭಾಭವನಕ್ಕೆ ಬೇರೆ ತಂತಿ ಎಳೆದು ದೊಡ್ಡ ಹೀಟರುಗಳನ್ನಿಟ್ಟಿದ್ದರು. ಡೋಲೀನಾಳ ಪೆಟ್ಟಿಗೆಯೂ ಅಲ್ಲೇ ಇತ್ತು, ಅದೇ ಬಿಟ್ಟಿ ಬಿಸಿಯಲ್ಲಿ. ಭಾನುವಾರ ಯಾರೂ ಒಗೆಯುವುದಿಲ್ಲ, ಬೇಯಿಸುವುದಿಲ್ಲ. ಹಾಗಾಗಿ ಆ ದಿನವೇ ವಿದ್ಯುತ್ತು ಉಕ್ಕಿ ಚೆಲ್ಲುತ್ತಿತ್ತು.

ಇದು ಮುರ್ಡೊನ ಕಣ್ಣು ಕುಕ್ಕಿತು. ಶನಿವಾರ ಸಭೆ ಕರೆದ.

“ನಾವೆಲ್ಲ ಕೈಕಟ್ಕೊಂಡು ಕೂತಿರೋವಾಗ ಅದೊಂದು ದುಡೀತಾ ಇರತ್ತೆ. ಅದೂ ಗುಡ್ಡದ ಮೇಲೆ ನಿಂತು, ನಾಲ್ಕೂರಿಗೆ ಕಾಣೋ ಹಾಗೆ! ಇವತ್ತು ರಾತ್ರಿಯಿಂದ ಸೋಮವಾರದವರೆಗೂ ಬ್ರೇಕ್ ಹಾಕ್ಬೇಕು.”

ಡೋಲೀನಾ ಪೆಟ್ಟಿಗೆಯ ಕಡೆ ನೋಡಿದಳು. ಒಂದು ರಾತ್ರಿ ಪೆಟ್ಟಿಗೆ ತಣ್ಣಗಾದರೆ ಮರಿಗಳೆಲ್ಲ ಚಿಪ್ಪಿನೊಳಗೇ ಸಾಯುತ್ತವೆ. ಆದರೆ ನಾಲ್ಕು ಜನರ ಮುಂದೆ ಅವಳಿಗೆ ಬಾಯಿ ಬರುತ್ತಿರಲಿಲ್ಲ. ಶಾಲೆಯಲ್ಲೂ ಹಾಗೇ, ಮೇಷ್ಟ್ರು ಕೇಳಿದರೆ ತನ್ನ ಬೂಟು ನೋಡುತ್ತ ನಿಲ್ಲುತ್ತಿದ್ದಳು.

ಪಕ್ಕದಲ್ಲಿದ್ದ ಅಜ್ಜಿ ಮುರ್ಡೀನಾ ಮೊಣಕೈಯಿಂದ ತಿವಿದಳು. “ಬಾಯಲ್ಲೇನು ಕಡುಬು ಇಟ್ಕೊಂಡಿದೀಯೇನೇ? ಹೇಳೇ!”

“ಮುರ್ಡೊ ಮಾವ, ನನ್ ಮೊಟ್ಟೆ... ನಾಳೆ ಒಡೆಯತ್ತೆ.”

“ಯಾಕಮ್ಮ, ನಿನ್ನ ಬಾತುಗಳಿಗೆ ಶನಿವಾರ ಹುಟ್ಟೋಕೆ ಏನ್ ರೋಗ?”

ಎಲ್ಲರೂ ನಕ್ಕರು. ಡೋಲೀನಾ ತಲೆ ತಗ್ಗಿಸಿದಳು. ಈ ಸಲ ಕಣ್ಣಿಗೆ ಬಿದ್ದದ್ದು ಮುರ್ಡೊನ ಬೂಟು. ಅದರ ತುದಿಯಲ್ಲಿ ಹಾಲಿನ ಕಲೆ.

“ಮಾವ, ಭಾನುವಾರ ನೀವು ಹಸು ಹಾಲು ಕರೆಯಲ್ವಾ?” ಎಂದಳು, ಬೂಟಿಗೇ ಹೇಳುವಂತೆ.

“ಕರೀದೆ? ಕೆಚ್ಚಲು ಬಿಗಿದು ನೋಯಲ್ವಾ ಅದಕ್ಕೆ? ಅದು ಕೆಲಸ ಅಲ್ಲ ಕಣೇ, ಕರುಣೆ.”

“ಯಂತ್ರಾನೂ ಅಷ್ಟೆ... ಬ್ರೇಕ್ ಹಾಕಿದ್ರೆ ಅರಚತ್ತೆ.”

ಯಾರೂ ನಗಲಿಲ್ಲ. ಇದು ಧರ್ಮಸೂಕ್ಷ್ಮದ ಮಾತು. ಸಭೆಗೆ ಸಭೆಯೇ ಕೋಟು ತೊಟ್ಟು ಗುಡ್ಡ ಹತ್ತಿತು. ಬ್ರೇಕು ಹಾಕಿಸಿದರು. ಮೇಲಿನಿಂದ, ಕೆಚ್ಚಲು ಬಿಗಿದ ಹಸುವಿನಂಥದೇ ಒಂದು ನರಳಿಕೆ ಕೇಳಿಬಂತು.

“ತುಂಬ್ಕೊಂಡಿದೆ, ಪಾಪ,” ಎಂದಳು ಮುರ್ಡೀನಾ.

ಮುರ್ಡೊ ಕಂಬದ ಪಕ್ಕೆಗೆ ಅಂಗೈಯಿಟ್ಟು ಸವರಿದ. “ಬಿಡ್ರಪ್ಪ, ಬ್ರೇಕ್ ಬಿಡಿ. ಕರೆಯೋಣ. ಆದ್ರೆ ಒಂದು ಮಾತು. ಭಾನುವಾರ ಅದರ ಬಿಸೀಲಿ ಯಾರೂ ಸುಖ ಪಡಕೂಡದು.”

“ಮೊಟ್ಟೆ ಒಳಗಿರೋವು?” ಎಂದಳು ಡೋಲೀನಾ.

“ಒಳಗಿರೋವರೆಗೂ ಅವಕ್ಕೆ ಸುಖ ಗೊತ್ತಾಗಲ್ಲ. ಹೊರಗೆ ಬಂದ್ಮೇಲೆ ನೋಡೋಣ.”

ಭಾನುವಾರ ಪ್ರಾರ್ಥನೆ ಮುಗಿಯುತ್ತಲೇ ಊರಿಗೆ ಊರೇ ಸಭಾಭವನಕ್ಕೆ ಬಂತು, ಯಾರೂ ಸುಖಪಡುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಲು. ಹೊರಗೆ ಚರ್ಮ ಸುಲಿಯುವ ಗಾಳಿ. ಒಳಗೆ ಹೀಟರುಗಳು ಕೆಂಪಾಗಿದ್ದವು. ಕೋಟಿನ ಗುಂಡಿ ಕುತ್ತಿಗೆಯವರೆಗೂ ಹಾಕಿಕೊಂಡು, ಸಾವಿನ ಮನೆಯಲ್ಲಿ ನಿಂತಂತೆ ಎಲ್ಲರೂ ಗೋಡೆಯುದ್ದಕ್ಕೂ ನಿಂತರು. ಮುರ್ಡೀನಾ ಮೆಲ್ಲಗೆ ಶಾಲು ಸರಿಸಿದಳು.

“ಸುಖಕ್ಕಲ್ಲಪ್ಪ,” ಎಂದಳು, “ಉಣ್ಣೆ ಚುಚ್ಚತ್ತೆ.”

ಟಕ್ಕೆಂದು ಒಂದು ಮೊಟ್ಟೆ ಬಿರಿಯಿತು. ಒದ್ದೆ ಕೊಕ್ಕು, ಆಮೇಲೆ ಒದ್ದೆ ತಲೆ. ಮುರ್ಡೊ ಬಗ್ಗಿ ನೋಡಿದ. ಅವನ ಮೀಸೆ ಅದುರಿತು.

“ತುಂಬಾ ದುಃಖದ ವಿಷಯ,” ಎಂದ ಗಂಭೀರವಾಗಿ.

“ಹೌದೌದು,” ಎಂದು ಊರು ನಿಟ್ಟುಸಿರಿಟ್ಟಿತು.

ಮರಿ ಪೂರ್ತಿ ಹೊರಗೆ ಬಂದು ಮುಗ್ಗರಿಸಿ ಬಿತ್ತು. ಈ ಸಲ ಯಾರೂ ತಿವಿಯುವ ಮೊದಲೇ ಡೋಲೀನಾ ಕೇಳಿದಳು. “ಮಾವ, ಹೊರಗೆ ಬಂತು. ಪೆಟ್ಟಿಗೆ ಆರಿಸ್ಲಾ?”

ಮುರ್ಡೊ ಮರಿಯನ್ನೂ ಸ್ವಿಚ್ಚನ್ನೂ ನೋಡಿದ. ಮರಿ ಅವನನ್ನೇ ನೋಡಿ ಕೀಚ್ ಎಂದಿತು.

“ಆರಿಸೋಕೆ ಸ್ವಿಚ್ ಒತ್ಬೇಕಲ್ಲ?”

“ಹೂಂ.”

“ಅದು ಕೆಲಸ. ಭಾನುವಾರ ಹೇಗೆ ಮಾಡ್ತೀಯೇ? ಸೋಮವಾರ ನೋಡೋಣ, ಬಿಡು.”

ಡೋಲೀನಾ ಅಭ್ಯಾಸಬಲದಿಂದ ತಲೆ ತಗ್ಗಿಸಿದಳು. ಅವಳು ನಿಂತಿದ್ದ ಕಡೆಯಿಂದ ಮುರ್ಡೊನ ಬೆನ್ನ ಹಿಂದಿನ ಕೈಗಳು ಕಾಣುತ್ತಿದ್ದವು. ಎರಡೂ ಅಂಗೈಗಳು ಹೀಟರಿನ ಕಡೆಗೆ ಪೂರ್ತಿ ಬಿಚ್ಚಿಕೊಂಡಿದ್ದವು. ಅವಳು ಯಾರಿಗೂ ಹೇಳಲಿಲ್ಲ.