ಸರಪಳಿ ಎಟುಕದ ಜಾಗ

ಮೊರ್ತಾಳ ಹಸುವಿಗೆ ಐದು ಮೀಟರಿನ ಸರಪಳಿ, ಅದರ ತುದಿಗೆ ಕಬ್ಬಿಣದ ಗೂಟ. ಗೂಟವನ್ನು ಕೊಡತಿಯಿಂದ ನೆಲಕ್ಕೆ ಹೊಡೆದರೆ ಹಸು ಸರಪಳಿ ಎಟುಕುವಷ್ಟು ಸುತ್ತನ್ನು ಮೇಯುತ್ತದೆ. ಮೇದು ಮುಗಿದ ಮೇಲೆ ಗೂಟ ಕಿತ್ತು ಇನ್ನೊಂದೆಡೆ ಹೊಡೆಯಬೇಕು. ಮೇ ತಿಂಗಳಿಂದ ಅಕ್ಟೋಬರಿನವರೆಗೆ, ದಿನಕ್ಕೆ ಮೂರು ಸಲ, ನಮ್ಮ ಪಕಲ್ನೆ ಹಳ್ಳಿಯಲ್ಲಿ ಹಸುವಿರುವ ಪ್ರತಿ ಮನೆಯವರೂ ಮಾಡುವ ಕೆಲಸ ಇದು. ನನ್ನಂಥವರು ಕಣ್ಣಿಗೆ ಬಿದ್ದ ಕಡೆ ಹೊಡೆಯುತ್ತೇವೆ. ಒಂದು ಸುತ್ತು ಇನ್ನೊಂದರ ಮೇಲೆ ಬೀಳುತ್ತದೆ. ನಡುವೆಲ್ಲೋ ಒಳ್ಳೆಯ ಹುಲ್ಲು ಮೇಯುವವರಿಲ್ಲದೆ ಬಲಿತು ಒಣಗುತ್ತದೆ. ಮೊರ್ತಾ ಹಾಗಲ್ಲ. ದಿಬ್ಬದ ಮೇಲಿನ ಅವಳ ಅಂಗಳದಲ್ಲಿ ನಿಂತು ಕೆಳಗೆ ನೋಡಿದರೆ, ಅವಳ ಹುಲ್ಲುಗಾವಲಲ್ಲಿ ಸುತ್ತಿನ ಪಕ್ಕಕ್ಕೆ ಸುತ್ತು, ರೊಟ್ಟಿ ತಟ್ಟಿ ಸಾಲಾಗಿ ಇಟ್ಟ ಹಾಗೆ. ನಡುವೆ ಉಳಿದ ಮೂಲೆಗಳು ಗಿಡ್ಡ ಸರಪಳಿಯ ಕರುವಿಗೆ. ಒಂದು ಹಿಡಿ ಹುಲ್ಲೂ ದಂಡವಿಲ್ಲ.

ಅವಳ ಗಂಡ ಬೇಗ ತೀರಿಕೊಂಡ. ಆಗ ಮನೆಯಲ್ಲಿ ಮೂರು ಹಸು, ಏಳು ವರ್ಷದ ಮಗ ವೈದಾಸ್. ಮೂರರಲ್ಲಿ ಒಂದು ಹಾಯುವ ಹಸು. ಹಾಲಿನ ಬಕೆಟ್ಟು ಹಿಡಿದು ಗಾವಲು ದಾಟುವಾಗ ಹುಡುಗ ಮೂರು ಸರಪಳಿಗಳ ನಡುವೆ, ಯಾವ ಕೊಂಬೂ ತಾಗದ ದಾರಿ ಹುಡುಕಿಕೊಂಡು ಬರಬೇಕಿತ್ತು. ಹಸುಗಳೇನು ನಿಂತಲ್ಲಿ ನಿಲ್ಲುತ್ತವೆಯೇ? ದಾರಿಯೂ ಗಳಿಗೆಗೊಂದು ಕಡೆ ಸರಿಯುತ್ತಿತ್ತು. ಮೊರ್ತಾ ದಿಬ್ಬದ ಮೇಲಿಂದ ಕೂಗುತ್ತಿದ್ದದ್ದು ರಸ್ತೆಯಾಚೆಯ ನನ್ನ ಅಡುಗೆಮನೆಗೂ ಕೇಳುತ್ತಿತ್ತು: "ಎಡ ಹೆಗಲ ಹಿಂದೆ ನೋಡೋ! ಈಗ ಬಲಗಡೆ! ಮುಂದಿರೋದು ಹೆಂಗೂ ಕಾಣುತ್ತೆ, ಹಿಂದೆ ಇರೋದು ಹಾಯೋದು!"

ಅವನು ಹಾಲು ಚೆಲ್ಲಿದ್ದನ್ನು ನಾನು ಎರಡೇ ಸಲ ನೋಡಿದ್ದೇನೆ.

ಆ ಹುಡುಗ ಹದಿನೇಳಕ್ಕೆ ಫುಟ್‌ಬಾಲ್ ಆಡಲು ಊರು ಬಿಟ್ಟ. ಲಾಟ್ವಿಯಾ, ಪೋಲೆಂಡ್, ರೊಮೇನಿಯಾ, ಕಝಾಕ್‌ಸ್ತಾನ್, ಸ್ಕಾಟ್ಲೆಂಡ್, ಸೈಪ್ರಸ್... ಇಪ್ಪತ್ತು ವರ್ಷದಲ್ಲಿ ಒಂಬತ್ತು ದೇಶ, ಹದಿಮೂರು ಕ್ಲಬ್ಬು. ನಮ್ಮ ದೇಶ ಲಿಥುವೇನಿಯಾದ ಹಳದಿ ಅಂಗಿ ತೊಟ್ಟು ನಲವತ್ತೊಂದು ಪಂದ್ಯ. ಪ್ರತಿ ಕ್ಲಬ್ಬಿನಿಂದಲೂ ಅಮ್ಮನಿಗೊಂದು ಉಣ್ಣೆಯ ಶಾಲು ಕಳಿಸುತ್ತಿದ್ದ. ಕಝಾಕ್‌ಸ್ತಾನದ್ದನ್ನು ಅವಳು ರೈ ಬ್ರೆಡ್ಡಿನ ಹಿಟ್ಟು ಹುದುಗಲು ಹೊದಿಸುತ್ತಾಳೆ. ರೊಮೇನಿಯಾದ್ದು ಬಾವಿಯ ಪಂಪಿಗೆ, ಚಳಿಗಾಲದಲ್ಲಿ. ಸೈಪ್ರಸ್ಸಿನದು ತೆಳುವೆಂದು ಕೊಡತಿಯ ಹಿಡಿಗೆ ಸುತ್ತಿದ್ದಾಳೆ.

ಇಷ್ಟಿದ್ದರೂ ಊರಿನಲ್ಲಿ ಅವನ ಹೆಸರಿಗೆ ತೂಕವಿರಲಿಲ್ಲ. ನಮ್ಮಲ್ಲಿ ಚೆಂಡು ಎಂದರೆ ಬ್ಯಾಸ್ಕೆಟ್‌ಬಾಲ್. ಪ್ರತಿ ಕೊಟ್ಟಿಗೆಯ ಗೋಡೆಗೂ ಚೆಂಡು ಹಾಕುವ ಒಂದು ಕಬ್ಬಿಣದ ಬಳೆ ಬಡಿದಿರುತ್ತದೆ. ಕಾಲಲ್ಲಿ ಚೆಂಡು ಒದೆಯುವವನು ಕೈ ಉದ್ದವಿಲ್ಲದವನು ಎಂದೇ ಲೆಕ್ಕ. ಅದರಲ್ಲೂ ಪ್ರಾನಸ್‌ಗೆ ಬಾಯಿ ನಿಲ್ಲುತ್ತಿರಲಿಲ್ಲ. ಸಾಮೂಹಿಕ ಬೇಸಾಯದ ಕಾಲದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದವನು, ನಮ್ಮಿಂದ ಮೂರನೇ ಮನೆಯವನು. ಗುರುವಾರ ಬ್ರೆಡ್ಡಿನ ವ್ಯಾನಿನ ಮುಂದೆ ನಾವೆಲ್ಲ ಸಾಲಾಗಿ ನಿಂತಾಗ ಶುರು ಮಾಡುವನು.

"ಮೊರ್ತಾ, ಈ ವರ್ಷ ಎಷ್ಟು ಗೋಲು?"

"ಒಂದು."

"ಒಂದು! ಒಟ್ಟು?"

"ಹನ್ನೊಂದು."

"ಇಪ್ಪತ್ತು ವರ್ಷಕ್ಕೆ ಹನ್ನೊಂದಾ! ನಮ್ಮ ಮೇಕೆ ಬಾಗಿಲಿಗೆ ಅದಕ್ಕಿಂತ ಜಾಸ್ತಿ ಒದ್ದಿದೆ ಕಣೇ. ಅಲ್ಲಾ, ಅವನು ಅಲ್ಲಿ ಮಾಡೋದಾದ್ರೂ ಏನು?"

ಮೊರ್ತಾ ಬ್ರೆಡ್ಡು ತೆಗೆದುಕೊಂಡು ಹೋಗುತ್ತಿದ್ದಳು. ಉತ್ತರ ಅವಳಿಗೂ ಗೊತ್ತಿರಲಿಲ್ಲ. ಟೀವಿಯಲ್ಲಿ ದೇಶದ ಪಂದ್ಯ ಬಂದಾಗ ನಾನೂ ಅವಳ ಜೊತೆ ಕೂತದ್ದುಂಟು. ಟೀವಿ ಚೆಂಡಿನ ಹಿಂದೆ ಓಡುತ್ತದೆ. ಚೆಂಡಿದ್ದಲ್ಲಿ ವೈದಾಸ್ ಇರುತ್ತಿರಲಿಲ್ಲ. ಹೀಗೆ ಬಂದು ಹಾಗೆ ಮಾಯವಾಗುವನು. ಅರ್ಧ ಗಂಟೆ ನೋಡಿ ಅವಳು ಹಸುವಿನ ನೆಪ ಹೇಳಿ ಎದ್ದುಬಿಡುತ್ತಿದ್ದಳು.

ಒಮ್ಮೆ ಪೋಲೆಂಡಿನ ಪತ್ರಿಕೆಯವರು ಅವನನ್ನು ಕೇಳಿದರಂತೆ, ಮೈದಾನವನ್ನು ಹೀಗೆ ಓದುವುದನ್ನು ಕಲಿಸಿದವರು ಯಾರು ಎಂದು. "ನಮ್ಮಮ್ಮನ ಹಸುಗಳು" ಎಂದಿದ್ದ. ಅದು ಊರಿಗೆ ಮುಟ್ಟಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೊರ್ತಾ ನಗಲಿಲ್ಲ. ದನ ಕಾಯುವವಳ ಮಗ ಎಂದು ಪರದೇಶದಲ್ಲಿ ತಮಾಷೆ ಮಾಡಿದನಲ್ಲ ಎಂದು ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡುಬಿಟ್ಟಳು.

ಈ ವಸಂತದಲ್ಲಿ ಅವನು ಹಿಂದಿರುಗಿದ. ವಯಸ್ಸು ಮೂವತ್ತೇಳು, ಮೊಣಕಾಲಿಗೆ ಎರಡು ಸಲ ಡಾಕ್ಟರರ ಕತ್ತರಿ ಬಿದ್ದಿತ್ತು. ಹನ್ನೆರಡು ಕಿಲೋಮೀಟರ್ ದೂರದ ಪಟ್ಟಣದ ತಂಡಕ್ಕೆ ಕೊನೆಯದಾಗಿ ಒಂದು ಹಂಗಾಮು ಆಡಿದ. ಅಕ್ಟೋಬರಿನ ಮೊದಲ ಶನಿವಾರ ಅವನ ಕಡೆಯ ಪಂದ್ಯ. ಆ ಬುಧವಾರ ಅಮ್ಮನ ಆಲೂಗಡ್ಡೆ ಮೂಟೆಗಳನ್ನು ನೆಲಮಾಳಿಗೆಗೆ ಇಳಿಸಿ ಕೈ ತೊಳೆಯುತ್ತಾ ಹೇಳಿದ: "ಅಮ್ಮ, ಶನಿವಾರ ಬಾ."

"ಮಾರ್ಗೆನ ಯಾರು ನೋಡ್ಕೋತಾರೆ?"

ಮಾರ್ಗೆ ಎಂದರೆ ಈಗ ಉಳಿದಿರುವ ಒಂದೇ ಹಸು.

"ಮಧ್ಯಾಹ್ನ ಗೂಟ ಬದಲಾಯಿಸಿ ಬಾ. ಎರಡಕ್ಕೆ ಆಟ, ನಾಲ್ಕಕ್ಕೆ ಮುಗಿಯುತ್ತೆ. ಹಾಲು ಕರೆಯೋ ಹೊತ್ತಿಗೆ ಮನೇಲಿರ್ತೀಯ."

"ನೋಡೋಣ," ಎಂದಳು. ಅವನು ಮತ್ತೆ ಕೇಳಲಿಲ್ಲ.

ಅವನು ಹೋದ ಮೇಲೆ ನಾನು, ಅವಳು ಬೆಂಚಿನ ಮೇಲೆ ಕೂತು ಒಣ ಹುರುಳಿಕಾಯಿ ಬಿಡಿಸುತ್ತಿದ್ದೆವು.

"ಹೋಗಬಾರದೇನೇ?" ಎಂದೆ. "ನಾನೂ ಬರ್ತೀನಿ."

ಅವಳು ಒಂದಿಷ್ಟು ಕಾಳು ಬಟ್ಟಲಿಗೆ ಹಾಕಿದಳು. "ಅಲ್ದೋನಾ, ಇಪ್ಪತ್ತು ವರ್ಷದಿಂದ ಹಸು ಹಸು ಅಂದೆ. ಕೇಳಿದ್ರೆ ಹಸುನ ನೀನು ನೋಡ್ಕೋತಿದ್ದೆ ಅಂತ ನನಗೆ ಗೊತ್ತಿಲ್ವಾ?"

"ಮತ್ತೆ?"

"ಹೋಗಿ ನೋಡಿದ್ಮೇಲೆ ಅಲ್ಲಿ ಏನೂ ಇಲ್ಲ ಅಂತಾದ್ರೆ? ಪ್ರಾನಸ್ ಹೇಳಿದ್ದೇ ನಿಜ ಅಂತಾದ್ರೆ? ನೋಡದೇ ಇದ್ರೆ ಏನೋ ಇದೆ ಅಂದ್ಕೊಂಡು ಇರಬಹುದು."

ಉಳಿದ ಕಾಯಿಯನ್ನೂ ಬಿಡಿಸಿ ಮುಗಿಸಿದೆವು. ಏಳುವಾಗ ಅವಳೇ ಹೇಳಿದಳು: "ಪ್ರಾನಸ್‌ನ ಕಾರು ಹೊರಡುತ್ತೇನೋ ಕೇಳು. ಇನ್ನೊಂದ್ಸಲ ನೋಡೋಣ ಅಂದ್ರೆ ಇನ್ನು ಆಟವೇ ಇರಲ್ಲ."

ಶನಿವಾರ ಅವಳು ಇಗರ್ಜಿಗೆ ತೊಡುವ ಕೋಟು ತೊಟ್ಟು, ಹಾಲು ಒಡೆಸಿ, ಜೀರಿಗೆ ಹಾಕಿ ಮಾಡಿದ ಗಟ್ಟಿ ಗಿಣ್ಣನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಕಾರು ಹತ್ತಿದಳು. ಪ್ರಾನಸ್ ದಾರಿಯುದ್ದಕ್ಕೂ ಆಡಿಕೊಂಡ. ಅವನನ್ನು ಕರೆದದ್ದೇ ತಪ್ಪಾಯಿತು ಎನಿಸಿತು ನನಗೆ.

ಮೈದಾನದ ಅಂಚಿನಲ್ಲಿ ಹಲಗೆಯ ಬೆಂಚು. ಮುನ್ನೂರು ಜನ ಇದ್ದರೇನೋ. ಎದುರಾಳಿಗಳು ಕಡಲ ಕಡೆಯ ಹುಡುಗರು, ಒಬ್ಬೊಬ್ಬರೂ ಕುದುರೆಮರಿ. ನಾವು ಕೂತಲ್ಲಿಂದ ಕಾಣಿಸಿದ್ದು ಕಾಲುಗಳ ಗುಂಪು, ಒಮ್ಮೆ ಇತ್ತ, ಒಮ್ಮೆ ಅತ್ತ. ವೈದಾಸ್ ಆ ಗುಂಪಿನಲ್ಲಿರಲಿಲ್ಲ. ನಡುವೆಲ್ಲೋ ನಿಂತು, ಕತ್ತು ತಿರುಗಿಸಿ ಹಿಂದೆ ನೋಡಿ, ನಾಲ್ಕು ಹೆಜ್ಜೆ ಸರಿದು ಮತ್ತೆ ನಿಲ್ಲುತ್ತಿದ್ದ. ಇಪ್ಪತ್ತನೇ ನಿಮಿಷಕ್ಕೆ ಅವರು ಒಂದು ಗೋಲು ಹೊಡೆದರು.

ಹಿಂದಿನ ಸಾಲಿನವನೊಬ್ಬ ಕೂಗಿದ: "ಅಜ್ಜನಿಗೊಂದು ಕುರ್ಚಿ ಹಾಕ್ರೋ, ನಿಂತು ನಿಂತು ಕಾಲು ನೋಯುತ್ತೆ!"

"ನಾನು ಹೇಳಿದ್ನಲ್ಲ," ಎಂದ ಪ್ರಾನಸ್, ಮೆಲ್ಲಗೆ. ಅವನಿಗೂ ಅಷ್ಟು ಖುಷಿಯಿದ್ದಂತೆ ಕಾಣಲಿಲ್ಲ.

ಮೊರ್ತಾ ಗಿಣ್ಣಿನ ಗಂಟನ್ನು ಮಡಿಲಲ್ಲಿ ಒತ್ತಿ ಹಿಡಿದಿದ್ದಳು. ಅರ್ಧ ಆಟ ಮುಗಿದಾಗ ಎದ್ದಳು. ಮನೆಗೆ ಹೊರಟಳೆಂದುಕೊಂಡೆ. ಅವಳು ಮೈದಾನದ ಪಕ್ಕದ ಹಳೆಯ ಕೋಟೆದಿಬ್ಬದ ಕಡೆ ನಡೆದಳು.

"ಎಲ್ಲಿಗೇ?"

"ಇಲ್ಲಿಂದ ಗೊರಸು ಬಿಟ್ರೆ ಏನು ಕಾಣುತ್ತೆ? ಗಾವಲನ್ನ ಯಾರಾದ್ರೂ ಗಾವಲೊಳಗೇ ಕೂತು ನೋಡ್ತಾರಾ?"

ಎಪ್ಪತ್ತೆರಡರ ಹೆಂಗಸು ಮರದ ಮೆಟ್ಟಿಲುಗಳನ್ನು ನಿಲ್ಲದೆ ಹತ್ತಿದಳು. ಏದುಸಿರು ಬಿಡುತ್ತಾ ನಾನು, ಬೈದುಕೊಳ್ಳುತ್ತಾ ಪ್ರಾನಸ್, ಹಿಂದೆ ಹಿಂದೆ. ಮೇಲೆ ತಲುಪುವಷ್ಟರಲ್ಲಿ ಆಟ ಮತ್ತೆ ಶುರುವಾಗಿತ್ತು. ಇಡೀ ಮೈದಾನ ಕಾಲ ಕೆಳಗೆ ಹಾಸಿದಂತಿತ್ತು, ಅವಳ ಅಂಗಳದಿಂದ ಕಾಣುವ ಗಾವಲಿನ ಹಾಗೆ.

ಅವಳು ಮೈದಾನವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ಆಮೇಲೆ ಬೆರಳೆತ್ತಿದಳು.

"ಆ ಕೆಂಪು ತಲೆಯವನಿದ್ದಾನಲ್ಲ, ಅವನದು ಉದ್ದ ಸರಪಳಿ. ಎಷ್ಟು ದೂರ ಬೇಕಾದ್ರೂ ಓಡ್ತಾನೆ. ಹಿಂದೆ ಇರೋ ದಪ್ಪನೆಯವನದು ಗಿಡ್ಡ. ಈ ಬದಿಯವನು ಹಾಯೋ ಜಾತಿ."

"ಏನು ಮಾತಾಡ್ತಿದ್ದೀಯ?" ಎಂದ ಪ್ರಾನಸ್.

"ಬಾಯಿ ಮುಚ್ಚಿ ನೋಡು. ವೈದಾಸ್ ನಿಂತಿರೋ ಕಡೆ ಯಾರ ಸರಪಳಿ ಎಟುಕುತ್ತೆ ಹೇಳು."

ನೋಡಿದೆವು. ಯಾರದೂ ಎಟುಕುತ್ತಿರಲಿಲ್ಲ. ಚೆಂಡು ಅವನ ಬಳಿ ಬಂತು. ಮೂವರು ಮೂರು ಕಡೆಯಿಂದ ನುಗ್ಗಿದರು. ಅವರು ಮುಟ್ಟುವ ಮೊದಲೇ ಚೆಂಡು ಹೋಗಿಯಾಗಿತ್ತು. ಎಡ ಹೆಗಲ ಹಿಂದೆ ಒಂದು ನೋಟ, ಬಲ ಹೆಗಲ ಹಿಂದೆ ಒಂದು ನೋಟ, ಐದು ಹೆಜ್ಜೆ. ಮತ್ತೆ ಯಾರಿಗೂ ಎಟುಕದ ಜಾಗ. ನನ್ನ ಕಣ್ಣ ಮುಂದೆ ಬಕೆಟ್ಟು ಹಿಡಿದ ಏಳು ವರ್ಷದ ಹುಡುಗನೇ ಬಂದ.

"ಈಗ ಆ ಬಿಳಿ ಗೆರೆ ಕಡೆ ಹೋಗ್ತಾನೆ," ಎಂದಳು ಮೊರ್ತಾ. ಅವನು ಹೋದ. "ಈಗ ನಿಲ್ತಾನೆ." ನಿಂತ. ಪ್ರಾನಸ್ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಆಟ ಮುಗಿಯಲು ಹತ್ತು ನಿಮಿಷವಿತ್ತು. ನಮ್ಮವನೊಬ್ಬ ಚೆಂಡನ್ನು ಕಾಲಲ್ಲಿಟ್ಟುಕೊಂಡು ನಡುವಿನಲ್ಲಿ ದಾರಿ ಕಾಣದೆ ನಿಂತಿದ್ದ. ವೈದಾಸ್ ಅವನ ಹತ್ತಿರ ಹೋಗಲಿಲ್ಲ. ಚೆಂಡು ಬೇಕೆನ್ನುವವನ ಹಾಗೆ ಕೈಯೆತ್ತಿ, ಹಾಯುವ ಜಾತಿಯವನ ಮೂಗಿನ ಮುಂದೆಯೇ ಬದಿಗೆ ಓಡಿದ. ಅವನು ವೈದಾಸ್‌ನನ್ನು ಬೆನ್ನಟ್ಟಿದ. ದಪ್ಪನೆಯವನೂ ಎರಡು ಹೆಜ್ಜೆ ಇತ್ತ ಎಳೆದುಬಂದ.

"ಬಿಟ್ಟ ನೋಡು ದಾರಿ!" ಎಂದು ಮೊರ್ತಾ ಕೂಗುವುದಕ್ಕೂ ಚೆಂಡು ಅದೇ ದಾರಿಯಲ್ಲಿ ನುಗ್ಗುವುದಕ್ಕೂ ಸರಿಹೋಯಿತು. ನಮ್ಮ ತಂಡದ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಒಂದೇ ಏಟಿಗೆ ಬಲೆಗೆ ಹೊಡೆದ. ಒಂದಕ್ಕೊಂದು ಸಮ. ಎಲ್ಲರೂ ಆ ಹುಡುಗನ ಮೇಲೆ ಬಿದ್ದರು.

"ಅದು ನನ್ನ ಮಗಂದು," ಎಂದಳು ಮೊರ್ತಾ.

"ಅವನು ಚೆಂಡು ಮುಟ್ಟಲೇ ಇಲ್ಲವಲ್ಲೇ!" ಎಂದ ಪ್ರಾನಸ್.

"ಮುಟ್ಟಲಿಲ್ಲ." ಅವಳು ಗಿಣ್ಣಿನ ಗಂಟನ್ನು ಕಂಕುಳಿಗೆ ಸೇರಿಸಿಕೊಂಡಳು. "ಇಪ್ಪತ್ತು ವರ್ಷ ಹೀಗೆ ಎಷ್ಟು ಮುಟ್ಟದೇ ಹೊಡೆದಿದ್ದಾನೋ. ಅದನ್ನ ಎಣಿಸೋರು ಯಾರೂ ಇರಲಿಲ್ಲ."

ಪ್ರಾನಸ್ ಕೆಳಗೆ ನೋಡುತ್ತಲೇ ಇದ್ದ. ಆಮೇಲೆ ಕೇಳಿದ: "ಆ ಬದಿಯವನದು ಎಷ್ಟು ಮೀಟರ್ ಅಂತೀಯ?"

ಪಂದ್ಯ ಸಮದಲ್ಲೇ ಮುಗಿಯಿತು. ತಂಡದವರು ವೈದಾಸ್‌ಗೆ ಹೂ ಕೊಟ್ಟರು, ಮೇಲಕ್ಕೆ ಎಸೆದು ಹಿಡಿದರು. ಅವನು ಬೆಂಚಿನ ಕಡೆ ನೋಡಿದ, ನಾವು ಅಲ್ಲಿರಲಿಲ್ಲ. ಮುಖ ಬಾಡಿದ್ದು ಅಷ್ಟು ದೂರಕ್ಕೂ ಕಂಡಿತು. ಆಗ ಅವನು ಎಡ ಹೆಗಲ ಹಿಂದೆ ತಿರುಗಿ ನೋಡಿದ, ಆಮೇಲೆ ಬಲ ಹೆಗಲ ಹಿಂದೆ, ದಿಬ್ಬದ ಮೇಲಕ್ಕೆ. ಮೊರ್ತಾ ಗಿಣ್ಣಿನ ಗಂಟನ್ನೇ ಎತ್ತಿ ಬೀಸಿದಳು.

ಬೆವರಿದ ಅಂಗಿಯಲ್ಲೇ ದಿಬ್ಬದ ಬುಡಕ್ಕೆ ಓಡಿಬಂದ. ಅವಳು ಮೆಟ್ಟಿಲಿಳಿದು ಅವನ ಮುಂದೆ ನಿಂತಳು.

"ನೋಡಿದ್ಯಾ, ಅಮ್ಮ?"

"ನೋಡಿದೆ. ಮೊದಲ ಅರ್ಧ ಕೆಳಗೆ ಕೂತು ದಂಡವಾಯ್ತು." ಗಂಟನ್ನು ಅವನ ಕೈಗಿಟ್ಟಳು. "ಕೆಂಪು ತಲೆಯವನ ಹತ್ತಿರ ಒಂದ್ಸಲ ಒಂದು ಹೆಜ್ಜೆ ಒಳಗೆ ನಿಂತೆ. ಅಲ್ಲಿಗೆ ಅವನ ಸರಪಳಿ ಎಟುಕುತ್ತಿತ್ತು."

ವೈದಾಸ್ ಅವಳನ್ನೇ ನೋಡಿದ. ಎರಡು ಸಲ ಕತ್ತರಿ ಬಿದ್ದ ಮೊಣಕಾಲು ಮಡಿಸಿ, ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟ. "ಹೌದಮ್ಮ," ಎಂದ. "ಎಟುಕಿತು. ಅಲ್ಲೇ ಚೆಂಡು ಹೋಯ್ತು. ಒಂಬತ್ತು ದೇಶದಲ್ಲಿ ಯಾರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ."

"ಆ ಪೋಲೆಂಡಿನವರಿಗೆ ಹಸು ಅಂದ್ಯಂತಲ್ಲ," ಎಂದಳು ಮೊರ್ತಾ. "ಹಸು ಏನು ಕಲಿಸುತ್ತೆ? ಗೂಟ ಹೊಡೆದವಳು ನಾನು."

"ಬರೆದು ತಿದ್ದಿಸ್ತೀನಿ."

"ತಿದ್ದಿಸು."

ಸಂಜೆ ಹಾಲಿನ ಹೊತ್ತಿಗೆ ಊರು ಸೇರಿದೆವು. ಮಾರ್ಗೆ ತನ್ನ ಸುತ್ತನ್ನು ಬೋಳಾಗಿ ಮೇದು ಕೂಗುತ್ತಿದ್ದಳು. ಮೊರ್ತಾ ಕೋಟು ಬಿಚ್ಚಿ, ಸೈಪ್ರಸ್ಸಿನ ಶಾಲು ಸುತ್ತಿದ ಕೊಡತಿಯನ್ನು ಮಗನಿಗೆ ಕೊಟ್ಟಳು. ಅವನು ಗಾವಲಿಗೆ ಇಳಿದ. ಅವಳು ಅಂಗಳದ ತುದಿಗೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಮನೆಗೆ ಹೋಗಬೇಕಿದ್ದ ಪ್ರಾನಸ್ ಕಾರು ಅಲ್ಲೇ ಬಿಟ್ಟು ಅವಳ ಪಕ್ಕ ಬಂದು ನಿಂತ.

"ಗೂಟ ಎಲ್ಲಿ ಹೊಡೀತಾನೆ?" ಎಂದು ಪಿಸುಗುಟ್ಟಿದ.

"ನೋಡ್ತಾ ಇರು," ಎಂದಳು ಮೊರ್ತಾ.