ಬಾಣಂತಿ ತುಪ್ಪ

೧೯೯೮ ಜೂನ್ ೧೧, ಗುರುವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತು, ವಿಷ ಅಳೆಯುವ ಯಂತ್ರದ ಪೆನ್ನು ಕಾಗದದ ಮೇಲೆ ನೆಟ್ಟಗೆ ಸಾಗುತ್ತಿದೆ, ಗಾಳಿಯಿಲ್ಲದ ಹೊತ್ತಿನ ಕೆರೆಯ ಹಾಗೆ, ಹಾಗೇ ಇರು, ಏಳಬೇಡ, ಇದು ನನ್ನ ಎದೆಹಾಲು — ಯಂತ್ರ ನಡೆಸುವ ಉಮಾಮಹೇಶ್ವರನಿಗೆ ಅದು ಗೊತ್ತಿಲ್ಲ, ಸೀಸೆಯ ಮೇಲೆ ಶುದ್ಧ ಎಂದಷ್ಟೇ ಬರೆದು ಕೊಟ್ಟಿದ್ದೇನೆ, ಹೋಲಿಕೆಗೆ ಒಂದು ಶುದ್ಧ ಹಾಲು ಬೇಕಲ್ಲ, ಗದ್ದೆಗೆ ಇಳಿಯದ, ಹುಳದ ಪುಡಿ ಮುಟ್ಟದ ಹೆಂಗಸಿನದು, ಶಂಕರಘಟ್ಟದ ವಿಶ್ವವಿದ್ಯಾಲಯದ ಕ್ವಾರ್ಟರ್ಸಿನಲ್ಲಿ ಅಂಥ ಬಾಣಂತಿ ಇನ್ಯಾರಿದ್ದಾರೆ, ನಾನೇ. ಉಳಿದ ಸೀಸೆಗಳು ಭದ್ರಾವತಿ ಕಡೆ ಗದ್ದೆ ನಾಟಿ ಮಾಡುವ ಹೆಂಗಸರವು, ಯಲ್ಲಮ್ಮ ಸೆರಗಿನ ಮರೆಯಲ್ಲಿ ಹಿಂಡಿ ಕೊಡುತ್ತಾ ನಕ್ಕಿದ್ದಳು, ತಗಂಡೋಗಿ ಏನ್ ಮಾಡ್ತೀರಕ್ಕ, ಕಾಫಿಗೆ ಹಾಕ್ಕಂತೀರಾ, ನಾನೂ ನಕ್ಕೆ, ಗದ್ದೆಗೆ ಎರಚೋ ಗ್ಯಾಮಾಕ್ಸೀನ್ ಪುಡಿ ಸೇರಿದೆಯಾ ಅಂತ ನೋಡ್ತೀವಿ ಅಂದೆ, ಅವಳ ನಗು ನಿಂತಿತು, ಸೇರಿದ್ರೆ ಮಗೀಗೆ ಕೊಡ್ಬಾರ್ದಾ? ಕೊಡಿ, ಧಾರಾಳವಾಗಿ ಕೊಡಿ, ಎದೆಹಾಲಿಗಿಂತ ಒಳ್ಳೇದು ಯಾವುದೂ ಇಲ್ಲ — ಎಷ್ಟು ಸಲೀಸಾಗಿ ಅಂದುಬಿಟ್ಟೆ. ಅವಳ ಹಾಲಿನ ಲೆಕ್ಕ ನಿನ್ನೆ ಬಂತು, ಲೀಟರಿಗೆ ೦.೦೯ ಮಿಲಿಗ್ರಾಂ.

ಪುಡಿಗೆ ಹೋದ ವರ್ಷವೇ ನಿಷೇಧ ಬಂತು, ಮಣ್ಣಿಗೆ ಯಾರು ಹೇಳಬೇಕು, ಪುಡಿಗೆ ಅವಸರವೇ ಇಲ್ಲ — ಬಿಸಿಲೇರಿದರೆ ಗದ್ದೆಯಿಂದ ಕಾಣದ ಹಾಗೆ ಏಳುತ್ತದೆ, ಗಾಳಿಯ ಮೇಲೆ ಮಲಗಿ ತೇಲುತ್ತದೆ, ತಂಪು ಕಂಡಲ್ಲಿ ಇಳಿಯುತ್ತದೆ, ಯಾರದೋ ಹಿತ್ತಲಿನ ಎಲೆಯ ಮೇಲೆ, ರಾಗಿಗುಡ್ಡದ ಹುಲ್ಲಿನ ಮೇಲೆ, ಮತ್ತೆ ಬಿಸಿಲು, ಮತ್ತೆ ಪಯಣ, ಮಳೆ ಬಂದರೆ ಕೆಸರಿನ ಕಣ ಹಿಡಿದು ಭದ್ರೆಗೆ ಇಳಿಯುತ್ತದೆ, ನೀರು ಒಗ್ಗುವುದಿಲ್ಲ ಅದಕ್ಕೆ, ಜಿಡ್ಡು ಬೇಕು, ಜಿಡ್ಡು ಸಿಕ್ಕಲ್ಲಿ ಮನೆ ಮಾಡುತ್ತದೆ, ಮೀನಿನಲ್ಲಿ, ಎಮ್ಮೆಯಲ್ಲಿ — ಎಮ್ಮೆ. ಪೆನ್ನು ಅಲುಗಿತೇ? ತವರಿನ ಎಮ್ಮೆ ತಿನ್ನುವುದು ಅದೇ ಗದ್ದೆಯ ಹುಲ್ಲು, ಹುಲ್ಲಿನಿಂದ ಹಾಲು, ಹಾಲಿನಿಂದ ಬೆಣ್ಣೆ, ಬೆಣ್ಣೆಯಿಂದ ತುಪ್ಪ, ಒಂದೊಂದು ಹಂತಕ್ಕೂ ಪುಡಿ ಒತ್ತೊತ್ತಾಗುತ್ತಾ, ಬಾಣಂತನ ಪೂರ್ತಿ ಅವ್ವ ಅನ್ನ ಮುಳುಗುವಷ್ಟು ಸುರಿದಳು, ತಿನ್ನೇ ಮಾರಾಯ್ತಿ, ಗಾಂಧಿ ಬಜಾರಿನ ಡಬ್ಬಿ ತುಪ್ಪ ಅಲ್ಲ ಇದು, ಬರೀ ಪುಸ್ತಕ ಓದಿದ್ರೆ ಎದೇಲಿ ಹಾಲು ಬರುತ್ತಾ, ಆ ಪರಿಮಳ, ಹರಳು ಹರಳು, ಬೆರಳು ನೆಕ್ಕಿದ್ದೆ. ಯಲ್ಲಮ್ಮನಿಗೆ ತುಪ್ಪ ಸುರಿದವರು ಯಾರು?

ಪೆನ್ನು ಏಳುತ್ತಿದೆ. ಮೇಡಂ, ನಿಮ್ಮ ಶುದ್ಧದವರು ಗುಡ್ಡ ಹತ್ತುತ್ತಾ ಇದಾರಲ್ರೀ, ಉಮಾಮಹೇಶ್ವರ ಜೋರಾಗಿ ನಗುತ್ತಾನೆ, ಸೀಸೆ ಗೀಸೆ ಅದಲುಬದಲಾಯ್ತಾ, ಇಲ್ಲ ಅಂತೀನಿ, ಯಾರ್ದು ಮೇಡಂ ಇದು, ಗೆರೆ ಏರುತ್ತಲೇ ಇದೆ, ಹೊರಗೆ ಜಗಲಿಯಲ್ಲಿ ಅವ್ವನ ತೊಡೆಯ ಮೇಲೆ ನನ್ನ ಕೂಸು ಅಕ್ಷರಾ ಅಳುತ್ತಾಳೆ, ಅಳು ಕೇಳಿದ್ದಕ್ಕೇ ನನ್ನ ರವಿಕೆ ಒದ್ದೆ, ಮೈ ನನ್ನನ್ನು ಕೇಳುವುದಿಲ್ಲ, ಪುಟ್ಟ ಬಾಯಿ, ಐದು ತಿಂಗಳ ಬಾಯಿ, ಅವ್ವ ಕೂಗುತ್ತಾಳೆ, ವಿಮಲಾ, ಎಷ್ಟೊತ್ತೇ, ಕೂಸು ಹಸಿದು ಕೈ ತಿಂತಾ ಇದೆ, ಆ ಡಬ್ಬದ ಎದುರು ಕೂತು ತಪಸ್ಸು ಮಾಡ್ತೀಯೇನೇ — ಕೊಡಲೋ ಬೇಡವೋ, ಕೊಡಿ ಧಾರಾಳವಾಗಿ ಅಂದವಳು ನಾನೇ, ಅದು ಸುಳ್ಳಲ್ಲ, ಸೀಸೆಹಾಲಿನ ಭೇದಿಗೆ ಸತ್ತ ಕೂಸುಗಳ ಲೆಕ್ಕ ಓದಿದ್ದೇನೆ, ಹೊರಗೆ ಬಂದು ಜಗಲಿಯ ಬೆಂಚಿನ ಮೇಲೆ ಕೂತೆ, ಅವ್ವ ಮಡಿಲಿಗೆ ಹಾಕಿದಳು, ಏನೇ ಮುಖ ಹೀಗಿದೆ, ಊಟ ಮಾಡು, ತುಪ್ಪ ತಂದೀನಿ, ಅವಳಿಗೆ ಹೇಗೆ ಹೇಳಲಿ, ಯಾವ ಮಾತಿನಲ್ಲಿ, ಪುಟ್ಟ ಬಾಯಿ ಹುಡುಕಿತು, ಕಚ್ಚಿತು, ಎಳೆಯಿತು, ಕಣ್ಣು ನನ್ನ ಮೇಲೇ ಇಟ್ಟು, ಗುಟುಕು, ಒಳಗಿನಿಂದ ಉಮಾಮಹೇಶ್ವರನ ದನಿ, ಲೆಕ್ಕ ಆಯ್ತು ಮೇಡಂ, ಓದ್ಲಾ, ಓದು ಅಂತೀನಿ, ಪುಟ್ಟ ಬಾಯಿ, ಗುಟುಕು — ಲೀಟರಿಗೆ ೦.೧೪ ಮಿಲಿಗ್ರಾಂ.